ಒಂದು ಜಗಲಿ, ಎರಡು ಅರ್ಜಿ

ಕಳೆದ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ನಮ್ಮ ಬೀದಿಯ ನಟ್ಟನಡುವೆ, ಊರ ಜನರೆಲ್ಲ ನೋಡುತ್ತಿರುವಾಗ, ಪುರಸಭೆಯ ಇಂಜಿನಿಯರ್ ಸಾಹೇಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು.

"ಮೇಷ್ಟ್ರೇ, ಈ ಬೀದಿಯಲ್ಲಿ ನಿಮ್ಮ ಹೆಸರಿನವರು ಇಬ್ಬರು ಇದ್ದಾರೆಯೆ?"

ಇಲ್ಲ, ಒಬ್ಬನೇ ಎಂದೆ.

"ಹಾಗಾದರೆ ಇದೇನು?" ಎಂದು ಬಲಗೈಯಲ್ಲೊಂದು, ಎಡಗೈಯಲ್ಲೊಂದು ಕಾಗದ ಹಿಡಿದು ನನ್ನ ಮೂಗಿನ ಹತ್ತಿರಕ್ಕೆ ತಂದರು.

ಬಲಗೈಯ ಕಾಗದ ನಮ್ಮ ಬೀದಿಯನ್ನು ದಯವಿಟ್ಟು ಅಗಲ ಮಾಡಿ ಎಂದು ಬೇಡುತ್ತಿತ್ತು. ಎಡಗೈಯ ಕಾಗದ ದಯವಿಟ್ಟು ಮುಟ್ಟಬೇಡಿ ಎಂದು ಬೇಡುತ್ತಿತ್ತು. ಎರಡರಲ್ಲೂ ಮೊದಲ ರುಜು ನನ್ನದು. ಅಕ್ಷರವೂ ನನ್ನದೇ. (ನನ್ನ ಅಕ್ಷರ ಗುಂಡಗಿದೆ ಎಂದು ಸ್ಕೂಲಿನಲ್ಲಿ ಎಲ್ಲರೂ ಹೊಗಳುತ್ತಾರೆ. ಗುಂಡಗಿನ ಅಕ್ಷರದ ತೊಂದರೆಯೇ ಅದು, ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ.)

ನಾನು ಏನು ಉತ್ತರ ಹೇಳಿದೆ ಎಂದು ಕೇಳುತ್ತೀರಾ? ಸ್ವಲ್ಪ ತಾಳಿ. ಮೊದಲು ಬೀದಿಯ ವಿಷಯ ಹೇಳಿಬಿಡುತ್ತೇನೆ.

ಮಂಡ್ಯದಲ್ಲಿ ನಮ್ಮ ಬೀದಿಗೆ ಹೊಸಬೀದಿ ಎಂದು ಹೆಸರು. ನಮ್ಮಪ್ಪ ಇಲ್ಲಿಗೆ ಬಂದು ಮನೆ ಕಟ್ಟಿದಾಗಲೂ ಇದು ಹೊಸಬೀದಿಯೇ ಆಗಿತ್ತಂತೆ. ಈಗ ಇದರ ಆಚೆ ಒಂದು ಎಕ್ಸ್‌ಟೆನ್ಷನ್ ಆಗಿದೆ, ಅದರಾಚೆ ಇನ್ನೊಂದು ಆಗುತ್ತಿದೆ. ಗದ್ದೆಯಿದ್ದ ಕಡೆ ಆರ್‌ಸಿಸಿ ಮನೆಗಳು ಎದ್ದಿವೆ. ಆ ಮನೆಗಳವರೆಲ್ಲ ಸ್ಕೂಟರಿನಲ್ಲಿ ಪೇಟೆಗೆ ಬರುವುದು ನಮ್ಮ ಬೀದಿಯ ಮೇಲೆ. ಕಬ್ಬು ಅರೆಯುವ ಕಾಲ ಬಂತೆಂದರೆ ಗಾಡಿಗಳು ಕಾರ್ಖಾನೆಗೆ ಹೋಗುವುದೂ ನಮ್ಮ ಬೀದಿಯ ಮೇಲೆಯೇ. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಎತ್ತಿಗೆ ರಿವರ್ಸ್ ಗೇರ್ ಇಲ್ಲ. ಗಾಡಿಯವರು ಪರಸ್ಪರ ವಂಶೋದ್ಧಾರ ಮಾಡುತ್ತ ನಿಲ್ಲುತ್ತಾರೆ, ಬೀದಿಯ ಮಕ್ಕಳೆಲ್ಲ ಹಿಂದಿನಿಂದ ಕಬ್ಬು ಎಳೆಯುತ್ತಾರೆ, ನನಗೆ ಸ್ಕೂಲಿಗೆ ಲೇಟಾಗುತ್ತದೆ.

ನಿಜವಾಗಿ ಇಕ್ಕಟ್ಟು ಇರುವುದು ಒಂದೇ ಕಡೆ. ಒಂದು ಪಕ್ಕ ದೇವೀರಮ್ಮನ ಜಗಲಿ, ಇನ್ನೊಂದು ಪಕ್ಕ ನಮ್ಮ ಮನೆಯ ಕಾಂಪೌಂಡು. ಜಗಲಿ ಬೀದಿಗೆ ಮೂರು ಅಡಿ ಚಾಚಿದೆ. ಕಾಂಪೌಂಡು ನಾನು ಎರಡು ವರ್ಷದ ಹಿಂದೆ ಕಟ್ಟಿಸಿದ್ದು. ಒಳಗೆ ನಮ್ಮ ಮನೆಯವಳು ಸಾವಿತ್ರಿ ಹಬ್ಬಿಸಿರುವ ಮಲ್ಲಿಗೆ ಬಳ್ಳಿ ಇದೆ.

ದೇವೀರಮ್ಮ ಆತಗೂರು ಕಡೆಯವಳು. ಗಂಡ ಗಾಡಿ ಹೊಡೆಯುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಯಿತು. ಅವಳು ಆ ಜಗಲಿಯ ಮೂಲೆಯಲ್ಲಿ ಒಲೆ ಹೂಡಿ ಬೆಳಿಗ್ಗೆ ಇಡ್ಲಿ ಬೇಯಿಸುತ್ತಾಳೆ, ಗಾಡಿಗಳ ಕಾಲದಲ್ಲಿ ಮಧ್ಯಾಹ್ನಕ್ಕೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೋರ್ಡಿಲ್ಲ, ಬೆಂಚಿಲ್ಲ. ಕೆಂಪು ಗಾರೆಯ ಜಗಲಿಯೇ ಹೋಟೆಲು. ಗಾಡಿಯವರು, ಕಚೇರಿಯವರು, ನನ್ನಂಥ ಮೇಷ್ಟ್ರುಗಳು ಎಲ್ಲರೂ ಅಲ್ಲಿ ಸಾಲಾಗಿ ಕುಳಿತು ತಿನ್ನುತ್ತೇವೆ. ಮನೆಯಲ್ಲಿ ತಿಂಡಿ ಇಲ್ಲವೇ ಎಂದು ನೀವು ಕೇಳಬಾರದು. (ಸಾವಿತ್ರಿಯೂ ಈ ಅಂಕಣ ಓದುತ್ತಾಳೆ.)

ಈಗ ಮೊದಲನೇ ಅರ್ಜಿಗೆ ಬರೋಣ.

ನಮ್ಮ ಪಕ್ಕದ ಮನೆ ಶಿವನಂಜಪ್ಪನವರದು. ತಾಲ್ಲೂಕು ಕಚೇರಿಯಲ್ಲಿದ್ದು ರಿಟೈರ್ ಆದವರು. ಒಂದು ಮಧ್ಯಾಹ್ನ ಅವರ ಹೆಂಡತಿ ಪುಟ್ಟತಾಯಮ್ಮನವರಿಗೆ ಇದ್ದಕ್ಕಿದ್ದಂತೆ ಎದೆನೋವು ಬಂತು. ಟ್ಯಾಕ್ಸಿ ತರಿಸಿದರೆ ಅದು ಬೀದಿಯ ಬಾಯಲ್ಲೇ ನಿಂತಿತು. ಜಗಲಿಗೂ ಕಾಂಪೌಂಡಿಗೂ ನಡುವೆ ಒಂದು ಕಬ್ಬಿನ ಗಾಡಿ ಅಚ್ಚು ಮುರಿದು ಕೂತಿತ್ತು. ಹಿಂದೆ ಹತ್ತು ಗಾಡಿ, ಮುಂದೆ ಹತ್ತು ಗಾಡಿ. ಕೊನೆಗೆ ನಾವು ನಾಲ್ಕು ಜನ ಮಂಚವನ್ನೇ ಎತ್ತಿಕೊಂಡು, ಬಿದ್ದಿದ್ದ ಕಬ್ಬನ್ನು ತುಳಿದುಕೊಂಡು, ಆಕೆಯನ್ನು ದೊಡ್ಡ ರಸ್ತೆಯವರೆಗೆ ಹೊತ್ತೆವು. ದಾರಿಯುದ್ದಕ್ಕೂ ಶಿವನಂಜಪ್ಪನವರು ಮುತ್ತತ್ತಿ ಆಂಜನೇಯನಿಗೆ ಹರಕೆ ಹೊರುತ್ತಲೇ ಬಂದರು. ದೇವರು ದೊಡ್ಡವನು, ಪುಟ್ಟತಾಯಮ್ಮನವರು ಉಳಿದರು.

ಆಮೇಲಿನ ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಇಡ್ಲಿ ತಿನ್ನುತ್ತಿದ್ದೆ. ಶಿವನಂಜಪ್ಪನವರು ಬಂದು ಪಕ್ಕದಲ್ಲಿ ಕುಳಿತರು.

"ಮೇಷ್ಟ್ರೇ, ಒಂದು ಅರ್ಜಿ ಬರ್ದುಕೊಡಿ. ಈ ಬೀದಿ ಅಗಲ ಆಗ್ಬೇಕು. ಆಗ್ದೇ ಹೋದ್ರೆ ಇನ್ನೊಂದ್ಸಲ ನಾನು ಅವಳ್ನ ಹೊತ್ಕೊಂಡ್ ಹೋಗೋದು ಆಸ್ಪತ್ರೆಗಲ್ಲ."

ಈ ಮಾತಿಗೆ ಇಲ್ಲ ಎನ್ನುವುದಾದರೂ ಹೇಗೆ? ಅಲ್ಲೇ, ಆಗಲೇ ಬರೆದೆ. ಬರೆಯುವುದೆಂದರೆ ನನಗೆ ಸ್ವಲ್ಪ ಉಮೇದು ಜಾಸ್ತಿ. 'ಹೊಸಬೀದಿಯ ನಿವಾಸಿಗಳಾದ ನಾವು ತಮ್ಮ ಸನ್ನಿಧಾನದಲ್ಲಿ ಬರೆದುಕೊಳ್ಳುವ ಅರ್ಜಿ ಏನೆಂದರೆ' ಎಂದು ಶುರು ಮಾಡಿ, 'ಬೀದಿಯ ಇಕ್ಕೆಲಗಳಲ್ಲಿರುವ ಅಡಚಣೆಗಳನ್ನು ಕೂಡಲೇ ತೆರವು ಮಾಡಿಸಿ' ಎಂದು ಬರೆದೆ. ಓದಿ ನೋಡಿದೆ. ಗಂಭೀರವಾಗಿತ್ತು. ಶಿವನಂಜಪ್ಪನವರು ಭೇಷ್ ಎಂದರು.

ನಂಬುತ್ತೀರೋ ಬಿಡುತ್ತೀರೋ, ಆ ಅಡಚಣೆ ಯಾವುದು ಎಂದು ನಾನು ಯೋಚಿಸಿರಲಿಲ್ಲ. ಅರ್ಜಿಗಳಲ್ಲಿ ಅಡಚಣೆ ಇರಬೇಕು, ಅದನ್ನು ತೆರವು ಮಾಡಿಸಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. ಬರೆಯುವಾಗ ನಾನು ಕುಳಿತಿದ್ದದ್ದು ದೇವೀರಮ್ಮನ ಜಗಲಿಯ ಮೇಲೆ.

ರುಜುಗಳೂ ಅಲ್ಲೇ ಆದವು. ಬಂದವರು ಬಂದಹಾಗೆ ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈ ಒರೆಸಿಕೊಂಡು ರುಜು ಹಾಕಿದರು. ಯಾರೊಬ್ಬರೂ ಓದಲಿಲ್ಲ. ಮೇಷ್ಟ್ರು ಬರೆದದ್ದು, ಶಿವನಂಜಪ್ಪನವರು ಹೇಳಿದ್ದು, ಇನ್ನು ಓದುವುದೇನು? ಕೊನೆಗೆ ಶಿವನಂಜಪ್ಪನವರು, "ದೇವೀರಮ್ಮಂದೂ ಒಂದು ಇರ್ಲಿ, ಮನೆ ಅವಳ ಹೆಸರಲ್ಲೇ ಅದೆ" ಎಂದರು. ನಾನು ಎದುರಿಗೇ ಇದ್ದ ನಮ್ಮ ಮನೆಗೆ ಹೋಗಿ ಸ್ಟಾಂಪ್ ಪ್ಯಾಡ್ ತಂದೆ. (ಸ್ಕೂಲಿನದು. ಇನ್ನೂ ವಾಪಸು ಕೊಟ್ಟಿಲ್ಲ.)

ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಏನ್ ಬರ್ದಿದ್ದೀರಿ ಮೇಷ್ಟ್ರೇ?"

"ಬೀದಿಗೆ ಒಳ್ಳೇದಾಗೋ ವಿಷಯ ಕಣಮ್ಮ."

"ಅಂಗಾರೆ ಆಕುಸ್ಕಳಿ" ಎಂದು ಹೆಬ್ಬೆರಳು ಮುಂದೆ ಮಾಡಿದಳು. ಇಡ್ಲಿ ಹಿಟ್ಟಿನ ತೇವ ಇನ್ನೂ ಆರಿರಲಿಲ್ಲ. ನಾನೇ ಆ ಬೆರಳು ಹಿಡಿದು ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದೆ. ಮಿಕ್ಕ ಮಸಿಯನ್ನು ಅವಳು ಜಗಲಿಯ ಅಂಚಿಗೆ ಒರೆಸಿ ಒಲೆಯ ಹತ್ತಿರ ಹೋದಳು. ಆ ನೇರಳೆ ಕಲೆ ಈಗಲೂ ಅಲ್ಲೇ ಇದೆ.

ಒಂದು ತಿಂಗಳಾಯಿತು. ಪುರಸಭೆಯಿಂದ ಇಬ್ಬರು ಟೇಪು ಹಿಡಿದು ಬಂದು ಬೀದಿ ಅಳೆದರು. ಅವರಲ್ಲೊಬ್ಬ ಎರಡು ಇಡ್ಲಿ ತಿಂದು, ಕೈ ತೊಳೆದುಕೊಳ್ಳುತ್ತ, ಈ ಜಗಲಿ ಹೋಗುತ್ತದೆ ಅಮ್ಮ, ನಿಮ್ಮ ಬೀದಿಯವರೇ ಅರ್ಜಿ ಕೊಟ್ಟಿದ್ದಾರೆ ಎಂದು ಹೇಳಿ ಹೋದ.

ಸಂಜೆ ದೇವೀರಮ್ಮ ನಮ್ಮ ಮನೆಗೆ ಬಂದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಾಗಿಲ ಹತ್ತಿರ ನೆಲದ ಮೇಲೆ ಕುಳಿತು ಹೇಳಿದಳು.

"ಮೇಷ್ಟ್ರೇ, ಯಾರೋ ನನ್ ಜಗ್ಲಿ ಕೀಳಿ ಅಂತ ಅರ್ಜಿ ಬರ್ದವ್ರಂತೆ. ಬರ್ದೋರ ಕೈ ಸೇದೋಗ."

ನನ್ನ ಬಲಗೈ ಕೆಂಪು ಪೆನ್ನು ಹಿಡಿದು ಅವಳ ಎದುರಿಗೇ ಇತ್ತು. ಮೆಲ್ಲಗೆ ಅದನ್ನು ಟವೆಲ್ಲಿನ ಕೆಳಗೆ ಇಳಿಸಿದೆ. ಅಡಿಗೆಮನೆಯ ಬಾಗಿಲಲ್ಲಿ ಸಾವಿತ್ರಿ ನಿಂತು ನೋಡುತ್ತಿದ್ದಳು.

"ನೀವೂ ಒಂದು ಬರ್ಕೊಡಿ ಸ್ವಾಮಿ. ಕೀಳ್ಬ್ಯಾಡಿ ಅಂತ. ಅವ್ರು ಬರ್ದಿರೋದ್ಕಿಂತ ಸಂದಾಗಿ ಬರೀರಿ."

ಅವಳು ಬೆರಳಿನಿಂದ ನೆಲ ಗೀಚುತ್ತ ಮುಂದುವರಿಸಿದಳು.

"ನಮ್ ಯಜಮಾನ ಗಾಡಿ ಒಡೀತಿದ್ದೋನು ನೋಡಿ. ಗಾಡಿ ಇಳ್ದೋನ್ಗೆ ಮೊದ್ಲು ಬೇಕಾದ್ದು ಕುಂಡಿ ಊರಾಕೆ ಒಸಿ ಜಾಗ ಅನ್ನೋನು. ಮನೆ ಗ್ವಾಡೆಗೂ ಮುಂಚೆ ಜಗ್ಲಿ ಕಟ್ಟಿದ್ದು ಅವ್ನು. ಜಗ್ಲಿ ಓದ್ರೆ ಒಲೆ ಒಳೀಕ್ ಓಯ್ತದೆ. ಒಲೆ ಒಳೀಕ್ ಓದ್ರೆ ಒಳೀಕ್ ಯಾರ್ ಬತ್ತಾರೆ? ಇನ್ನೊಂದ್ ಕಸುಬು ನಂಗೆ ಬರಾಕಿಲ್ಲ."

ಆಗಲೇ ಹೇಳಬೇಕಿತ್ತು. ಬರೆದವನು ನಾನೇ ಕಣಮ್ಮ, ಅದಕ್ಕೆ ನಿನ್ನ ಹೆಬ್ಬೆಟ್ಟನ್ನೂ ನಾನೇ ಒತ್ತಿಸಿದೆ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು ಇಷ್ಟೇ: "ಬರ್ದುಕೊಡ್ತೀನಿ ಬಿಡಮ್ಮ."

ಅವಳು ಹೋದ ಮೇಲೆ ಸಾವಿತ್ರಿ ಈಚೆ ಬಂದಳು.

"ಅಲ್ಲಾಂದ್ರೆ, ಅವರಿಗೂ ಹೂಂ ಅಂದ್ರಿ, ಇವಳಿಗೂ ಹೂಂ ಅಂದ್ರಿ. ನಿಮಗೆ ಏನು ಬೇಕು?"

"ಎರಡೂ ಸರಿಯಾಗೇ ಇದೆಯಲ್ಲೇ."

"ದಾಕ್ಷಿಣ್ಯಕ್ಕೆ ಬಸುರಾದವಳಿಗೆ ಹೆರೋಕೆ ಜಾಗ ಇರಲಿಲ್ಲವಂತೆ" ಎಂದು ಹೇಳಿ ಒಳಗೆ ಹೋದಳು. (ಹೇಳಿಬಿಡುತ್ತೇನೆ, ಎರಡು ಅರ್ಜಿಯಲ್ಲಿ ಒಂದಕ್ಕೂ ಅವಳ ರುಜು ಇಲ್ಲ. ಯಾರೂ ಕೇಳಿರಲಿಲ್ಲ. ನಾನೂ.)

ಎರಡನೇ ಅರ್ಜಿ ನಿಜವಾಗಿಯೂ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ತಪ್ಪು ಮಾಡಿದವನು ಬರೆದರೆ ಬರವಣಿಗೆಗೆ ಒಂದು ಕಳೆ ಬರುತ್ತದೋ ಏನೋ. ಮೊದಲನೆಯದರಲ್ಲಿ ನಮ್ಮದು 'ಇಕ್ಕಟ್ಟಾದ, ಪ್ರಾಣಾಪಾಯಕಾರಿಯಾದ ಬೀದಿ.' ಎರಡನೆಯದರಲ್ಲಿ 'ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗುವ ಹಳೆಯ ಬೀದಿ.' ನನ್ನ ಕಷ್ಟ ನೋಡಿ. ಎರಡು ಮಾತೂ ಸುಳ್ಳಲ್ಲ. ಮಂಚ ಹೊತ್ತ ನಾಲ್ಕು ಜನ ಆ ಬೀದಿಯವರೇ, ಮಂಚ ಹೊರುವ ಹಾಗೆ ಮಾಡಿದ್ದೂ ಆ ಬೀದಿಯೇ.

ನಿಡಘಟ್ಟದಲ್ಲಿ ನನ್ನ ಭಾವಮೈದನ ಮನೆಯಿದೆ, ಬೆಂಗಳೂರು ಮೈಸೂರು ರಸ್ತೆಯ ಮೇಲೆಯೇ. ಒಳ್ಳೆಯ ರಸ್ತೆ. ಬಸ್ಸುಗಳು ಬುರ್ರೆಂದು ಹೋಗುತ್ತವೆ. ಬಾಗಿಲಲ್ಲಿ ಕುಳಿತು ಒಂದು ಮಾತು ಆಡಿದರೆ ಅರ್ಧ ಮಾತು ಬಸ್ಸಿನ ಜೊತೆ ಹೊರಟುಹೋಗುತ್ತದೆ. ಎದುರುಮನೆಯವರ ಹೆಸರು ಕೇಳಿದರೆ ಭಾವಮೈದ ಯೋಚಿಸಿ ಹೇಳುತ್ತಾನೆ. ಮದ್ದೂರಿನ ವಡೆಗೆ ಅಷ್ಟು ಹೆಸರು ಬಂದದ್ದು ಹೇಗೆ? ರೈಲು ಅಲ್ಲಿ ನಿಲ್ಲುವುದರಿಂದ ತಾನೆ? ನಿಲ್ಲದ ರೈಲಿಗೆ ಯಾರು ವಡೆ ಮಾರುತ್ತಾರೆ? ನಮ್ಮ ಬೀದಿಯಲ್ಲಿ ಗಾಡಿ ನಿಲ್ಲುವುದರಿಂದಲೇ ದೇವೀರಮ್ಮನ ಒಲೆ ಉರಿಯುತ್ತದೆ. ಹಾಗೆಂದು ಪುಟ್ಟತಾಯಮ್ಮನವರ ಎದೆನೋವೂ ಅಲ್ಲೇ ನಿಂತು ಕಾಯಬೇಕೆ? ಈ ಅಭಿವೃದ್ಧಿ ಎನ್ನುವುದನ್ನು ಭಾಷಣದಲ್ಲಿ ಕೇಳುವಾಗ ತಲೆದೂಗುತ್ತೇನೆ. ನಮ್ಮ ಮನೆಯ ಮುಂದೆ ಬಂದು ನಿಂತಾಗ ಯಾವ ಕಡೆಗೆ ತಲೆದೂಗಬೇಕೋ ತಿಳಿಯುವುದಿಲ್ಲ.

ಎರಡನೇ ಅರ್ಜಿಗೆ ರುಜು ಆದದ್ದು ಮುತ್ತತ್ತಿಯಲ್ಲಿ.

ಶಿವನಂಜಪ್ಪನವರು ಹರಕೆ ತೀರಿಸಲು ಒಂದು ಶನಿವಾರ ಇಡೀ ಬೀದಿಯನ್ನೇ ಕರೆದುಕೊಂಡು ಹೊರಟರು. ಒಂದು ಲಾರಿ ಗೊತ್ತು ಮಾಡಿದ್ದರು. ಪಾತ್ರೆ, ಸೌದೆ, ಮಕ್ಕಳು, ಮುದುಕರು ಎಲ್ಲ ತುಂಬಿಕೊಂಡು ಮಳವಳ್ಳಿ ದಾಟಿ, ಕಾಡಿನ ದಾರಿ ಹಿಡಿದು ಹೊಳೆ ಸೇರುವ ಹೊತ್ತಿಗೆ ಎಲ್ಲರ ತಲೆಯೂ ಕೆಮ್ಮಣ್ಣಾಗಿತ್ತು. ಆಂಜನೇಯನಿಗೆ ಪೂಜೆಯಾಯಿತು. ಅಡಿಗೆ ದೇವೀರಮ್ಮನದು. ಅವರೆಕಾಯಿ ಕಾಲ, ಮುದ್ದೆ, ಹಿದಕಿದ ಬೇಳೆ ಸಾರು. (ಊರಿನಲ್ಲಿ ಅವಳ ಜಗಲಿ ಹತ್ತದ ಎರಡು ಮನೆಯವರೂ ಅವತ್ತು ಎರಡೆರಡು ಸಲ ಬಡಿಸಿಕೊಂಡರು. ಹೊಳೆ ದಂಡೆಯಲ್ಲಿ ಮಡಿ ಮೈಲಿಗೆ ಇಲ್ಲವಂತೆ.)

ಊಟವಾಗಿ ಎಲ್ಲರೂ ಮರದ ನೆರಳಲ್ಲಿ ಕಾಲು ಚಾಚಿದ್ದರು. ದೇವೀರಮ್ಮ ಸೌಟು ಹಿಡಿದುಕೊಂಡೇ ಬಂದು, "ಮೇಷ್ಟ್ರೇ, ಆ ಕಾಗ್ದ ತಂದಿದ್ದೀರಾ?" ಎಂದಳು. ಜೇಬಿನಲ್ಲಿತ್ತು. ಜೇಬಿನಲ್ಲಿ ಸ್ಟಾಂಪ್ ಪ್ಯಾಡೂ ಇತ್ತು.

ನನ್ನ ರುಜುವಿನ ಕೆಳಗೆ ಮೊದಲು ಅವಳ ಹೆಬ್ಬೆಟ್ಟು ಆಯಿತು. ಆಮೇಲೆ ಕಾಗದ ಸುತ್ತು ಹೊರಟಿತು. ಅವಳು ಏನೂ ಹೇಳಲಿಲ್ಲ, ಬೇಡಲಿಲ್ಲ. ಕಾಗದದ ಜೊತೆ ಸುಮ್ಮನೆ ನಡೆದಳು. ಉಂಡ ಮನೆಗೆ ಎರಡು ಬಗೆಯುವವರು ಯಾರು? ಎಲ್ಲರೂ ಹಾಕಿದರು. ಕಾಗದ ಶಿವನಂಜಪ್ಪನವರ ಹತ್ತಿರ ಹೋಯಿತು. ಅವರು ಒಬ್ಬರು ಮಾತ್ರ ಪೂರ್ತಿ ಓದಿದರು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, "ಎಲ್ಲಿ ಹಾಕ್ಬೇಕು?" ಎಂದು ಕೇಳಿ ರುಜು ಹಾಕಿದರು.

ಹೊಳೆಯಲ್ಲಿ ಕೈ ತೊಳೆಯುವಾಗ ನನ್ನ ಪಕ್ಕಕ್ಕೆ ಬಂದರು.

"ಮೇಷ್ಟ್ರೇ, ನಾನು ಮಾಡಿದ್ದು ಸರಿಯಾ?"

"ನನಗೆ ಗೊತ್ತಾಗ್ತಾ ಇಲ್ಲ."

"ಪುಟ್ಟತಾಯಿ ಹರಕೆ ಊಟ ದೇವೀರಮ್ಮನ ಕೈಲಿ ಮಾಡಿಸಿ, ಉಂಡು, ಅವಳ ಮುಖಕ್ಕೇ ಇಲ್ಲ ಅನ್ನೋದು ಹೆಂಗೆ ಹೇಳಿ. ಆದ್ರೂ ರಸ್ತೆ ಆಗ್ಬೇಕು."

"ಆಗಬೇಕು."

"ಜಗ್ಲಿನೂ ಉಳೀಬೇಕು."

"ಉಳಿಯಬೇಕು."

ಇಬ್ಬರೂ ಕೈ ಒರೆಸಿಕೊಂಡು ಕಾವೇರಿಯ ಕಡೆ ನೋಡಿದೆವು. ಅದಕ್ಕೆ ಇಂಥ ತೊಂದರೆಯೇನೂ ಇದ್ದಂತೆ ಕಾಣಲಿಲ್ಲ.

ಹೀಗೆ ಎರಡು ಅರ್ಜಿಯೂ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಸೇರಿದವು. ಗುರುವಾರ ಅವರೇ ಬಂದರು. ಜೀಪು ಬೀದಿಯೊಳಗೆ ಬರಲಾರದೆ ಆಚೆ ನಿಂತಿತು. (ಮೊದಲನೇ ಅರ್ಜಿಯ ಪರವಾಗಿ ಜೀಪು ಸಾಕ್ಷಿ ಹೇಳಿದ ಹಾಗಾಯಿತು.) ನಡೆದು ಬಂದು, ಜಗಲಿಯ ಮುಂದೆ ನಿಂತು, ನನ್ನನ್ನು ಆ ಪ್ರಶ್ನೆ ಕೇಳಿದರು.

ನಾನು ಹೇಳಿದ ಉತ್ತರ: "ಎರಡೂ ನನ್ನದೇ ಸಾರ್."

ಅವರು ಒಳ್ಳೆಯ ಮನುಷ್ಯ. ಕೂಗಾಡಲಿಲ್ಲ. ಎರಡನ್ನೂ ಜೋರಾಗಿ ಓದಿದರು. ಕೆಳಗಿನ ಹೆಸರುಗಳನ್ನೂ ಓದಿದರು. ಒಬ್ಬೊಬ್ಬರೇ ತಲೆ ತಗ್ಗಿಸಿದರು. "ಈ ಅರ್ಜಿಯ ಮೇಲೆ ಚಟ್ನಿ ಬಿದ್ದಿದೆಯಲ್ಲ" ಎಂದರು. ಶಿವನಂಜಪ್ಪನವರನ್ನು ಕರೆದು, "ರಸ್ತೆ ಬೇಕು ಅಂತ ನಮ್ಮ ಆಫೀಸಿಗೆ ಮೂರು ಸಲ ಬಂದವರು ನೀವೇ ಅಲ್ಲವೆ? ಬೇಡ ಅನ್ನೋದಕ್ಕೂ ರುಜು ಹಾಕಿದ್ದೀರಲ್ಲ?" ಎಂದರು.

"ಊಟ ಆಗಿತ್ತು ಸಾರ್" ಎಂದರು ಶಿವನಂಜಪ್ಪನವರು.

ಇಂಜಿನಿಯರಿಗೆ ಇದು ಅರ್ಥವಾಗಲಿಲ್ಲ. ನಮಗೆಲ್ಲ ಚೆನ್ನಾಗಿ ಅರ್ಥವಾಯಿತು.

"ದೇವೀರಮ್ಮ ಅಂದ್ರೆ ಯಾರು?"

"ನಾನೇ ಸ್ವಾಮಿ" ಎಂದು ಅವಳು ಒಲೆಯ ಹತ್ತಿರದಿಂದ ಎದ್ದು ಬಂದಳು.

"ಎರಡರಲ್ಲೂ ನಿಮ್ಮ ಹೆಬ್ಬೆಟ್ಟಿದೆಯಲ್ಲಮ್ಮ. ಈ ಕಾಗದದಲ್ಲಿ ಜಗಲಿ ಉಳಿಸಿ ಅಂತ. ಇದರಲ್ಲಿ ತೆಗೀರಿ ಅಂತ."

ಅವಳಿಗೆ ಓದಲು ಬರುವುದಿಲ್ಲ. ಮೊದಲನೇ ಕಾಗದವನ್ನು ಕೈಗೆ ತೆಗೆದುಕೊಂಡು ಆ ನೇರಳೆ ಗುರುತನ್ನು ನೋಡಿದಳು. ಜಗಲಿಯ ಅಂಚಿನ ಕಲೆಯನ್ನೂ ನೋಡಿದಳು. ಕಾಗದದ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ಅಳತೆ ನೋಡಿದಳು.

"ನಂದೇ" ಎಂದಳು. "ಮೇಷ್ಟ್ರು ಏಳುದ್ರು, ಆಕ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಿಗೆ ಆಗಿರದಷ್ಟು ನಾಚಿಕೆಯಾಯಿತು.

ಸಾಹೇಬರು, "ಆಯ್ತು, ರಸ್ತೆ ಬೇಕು ಅನ್ನೋರು ಕೈ ಎತ್ತಿ" ಎಂದರು. ಯಾರೂ ಎತ್ತಲಿಲ್ಲ. "ಬೇಡ ಅನ್ನೋರು ಎತ್ತಿ" ಎಂದರು. ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಹಿಂದೆ ಒಂದು ಕಬ್ಬಿನ ಗಾಡಿ ಬಂದು ನಿಂತಿತ್ತು. ಗಾಡಿಯವನು ಚಾವಟಿ ಎತ್ತಿದ.

"ನಿನಗೆ ಬೇಕೋ ಬೇಡವೋ?"

"ಒಸಿ ಜಾಗ ಬುಡಿ ಸ್ವಾಮಿ, ಗಾಡಿ ಓಗ್ಬೇಕು."

ಜಾಗ ಬಿಟ್ಟೆವು. ಗಾಡಿಯ ಒಂದು ಚಕ್ರ ಜಗಲಿಯ ಅಂಚು ಸವರಿಕೊಂಡು, ಇನ್ನೊಂದು ಚಕ್ರ ನ‌ನ್ನ ಕಾಂಪೌಂಡಿನ ಸುಣ್ಣ ಕೆರೆದುಕೊಂಡು ಹೋಯಿತು. ಸಾಹೇಬರು ಆ ಗಾಡಿಯನ್ನು ನೋಡಿದರು, ಎರಡೂ ಕಡೆ ನೋಡಿದರು.

"ಇಕ್ಕಟ್ಟು ಇರೋದು ಇಲ್ಲೊಂದೇ ಕಡೆ. ಆ ಪಕ್ಕ ಮೂರು ಅಡಿ ತಗೊಂಡ್ರೂ ಆಗುತ್ತೆ, ಈ ಪಕ್ಕ ಮೂರು ಅಡಿ ತಗೊಂಡ್ರೂ ಆಗುತ್ತೆ. ಆ ಕಾಂಪೌಂಡು ಯಾರದು?"

ಬೀದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಶಿವನಂಜಪ್ಪನವರು ಆಕಾಶ ನೋಡಿದರು. ದೇವೀರಮ್ಮ ಒಲೆಯ ಕಡೆ ತಿರುಗಿದಳು. ಅದೂ ದಾಕ್ಷಿಣ್ಯವೇ. ನಾನೂ ಬಾಯಿ ಬಿಡಲಿಲ್ಲ. ಅದು ಏನು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಸಾಹೇಬರಿಗೂ ತಾಳ್ಮೆ ಮುಗಿಯಿತು. ಸುಣ್ಣದ ಪುಡಿ ತರಿಸಿ ಜಗಲಿಯ ಮೇಲೆ ಒಂದು ಗೆರೆ ಎಳೆಸಿದರು. "ಸೋಮವಾರ ಸಂಜೆಯೊಳಗೆ ಒಂದೇ ಒಂದು ಅರ್ಜಿ ತನ್ನಿ. ಏನು ಬರೆದರೂ ಸರಿ, ಅದರಂತೆ ಮಾಡ್ತೀನಿ. ಬರದೇ ಹೋದ್ರೆ ಮೊದಲನೇ ಅರ್ಜಿ ಪ್ರಕಾರ ಕೆಲಸ ಶುರು" ಎಂದು ಹೇಳಿ ಜೀಪಿನ ಕಡೆ ನಡೆದರು.

"ಮೇಷ್ಟ್ರು ಬರೀತಾರೆ ಬಿಡಿ" ಎಂದಿತು ಬೀದಿ. ಎಲ್ಲರೂ ಮನೆಗೆ ಹೋದರು. ಅವತ್ತು ಯಾರೂ ಇಡ್ಲಿ ತಿನ್ನಲಿಲ್ಲ.

ರಾಮಾಯಣ ಅಲ್ಲಿಗೆ ಮುಗಿಯಿತೆ? ಮನೆಯೊಳಗೆ ಬಂದರೆ ಸಾವಿತ್ರಿ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ನಿಮ್ಮ ಕಾಗದದಲ್ಲೇ ಇತ್ತಲ್ಲ, ಇಕ್ಕೆಲ ಅಂತ. ಇಕ್ಕೆಲ ಅಂದ್ರೆ ಎರಡೂ ಕಡೆ ತಾನೆ?"

"ನಿನ್ನ ಮಲ್ಲಿಗೆ ಬಳ್ಳಿ ಹೋಗುತ್ತಲ್ಲೇ" ಎಂದೆ.

"ಬಳ್ಳಿ ಕಿತ್ತು ಹಿತ್ತಿಲಲ್ಲಿ ನೆಟ್ಟರೆ ಬದುಕುತ್ತೆ. ಜಗಲಿ ಕಿತ್ತು ಎಲ್ಲಿ ನೆಡ್ತೀರಿ?"

ಅದಕ್ಕೆ ನಾನು ಕಾಂಪೌಂಡು ಕಟ್ಟಿಸಲು ಪಟ್ಟ ಕಷ್ಟ ಹೇಳಿದೆ. ದನ ನುಗ್ಗುವುದು ಹೇಳಿದೆ. ನ್ಯಾಯವಾಗಿ ನಮ್ಮ ಜಾಗದಲ್ಲೇ ಕಟ್ಟಿದ್ದು ಎಂದೆ. ಎಲ್ಲ ನಿಜವೇ. ಅವಳು ಕಾಫಿ ಲೋಟ ಮುಂದಿಟ್ಟು ಹೋದಳು.

ಶುಕ್ರವಾರ ನಾನು ಜಗಲಿಯ ಕಡೆ ಹೋಗಲಿಲ್ಲ. ಶನಿವಾರ ಹೋದೆ. ಮಿಕ್ಕವರೆಲ್ಲ ಹಿಂದಿನ ದಿನವೇ ಮೆಲ್ಲಗೆ ವಾಪಸು ಬಂದಿದ್ದರಂತೆ. ಸುಣ್ಣದ ಗೆರೆ ಹಾಗೇ ಇತ್ತು. ಜನ ಅದರ ಮೇಲೆಯೇ ಕುಳಿತು ತಿಂದಿದ್ದರಿಂದ ಅಲ್ಲಲ್ಲಿ ಅಳಿಸಿತ್ತು. ದೇವೀರಮ್ಮ ಎಂದಿನ ಹಾಗೆ ತಟ್ಟೆ ಇಟ್ಟಳು, ಎಂದಿನ ಹಾಗೆ ಚಟ್ನಿ ಜಾಸ್ತಿ ಹಾಕಿದಳು.

"ನಿನಗೆ ಅವತ್ತೇ ಹೇಳಬೇಕಿತ್ತು ದೇವೀರಮ್ಮ."

"ಏಳ್ಬೇಕಿತ್ತು."

"ನನಗೂ ಬರೆಯುವಾಗ ಗೊತ್ತಾಗಲಿಲ್ಲ."

"ಅಸ್ಟೊಂದ್ ಓದ್ಕಂಡಿದ್ದೀರಿ. ಕುಂತಿರೋದು ಯಾವುದ್ರ ಮ್ಯಾಲೆ ಅಂತ ಗೊತ್ತಾಗ್ನಿಲ್ವಾ?"

ನಾನು ತಟ್ಟೆಯ ಕೆಳಗಿನ ಜಗಲಿ ನೋಡಿದೆ. ಅವಳು ನೀರು ಕೊಟ್ಟಳು. ಒಲೆಗೆ ಎರಡು ಕಡ್ಡಿ ತುರುಕಿ, ಅದರ ಕಡೆಯೇ ನೋಡುತ್ತ ಹೇಳಿದಳು.

"ಕೈ ಸೇದೋಗ ಅಂದಿದ್ನಲ್ಲ, ಅದ್ನ ವಾಪಸ್ ತಗಂಡಿವ್ನಿ. ಸ್ವಾಮಾರ ಬರೀಬೇಕಲ್ಲ ನೀವು."

"ಏನಂತ ಬರೀಲಿ, ನೀನೇ ಹೇಳು."

"ನಂಗೇನ್ ಗೊತ್ತು. ಪುಟ್ಟತಾಯಮ್ಮನ್ನ ಮಂಚದ್ ಮ್ಯಾಲೆ ಒತ್ಕ ಓದ್ರಲ್ಲ, ನಾನೂ ಅವ್ರ ತಲೆ ಇಡ್ಕಂಡು ರಸ್ತೆಗಂಟ ಬಂದಿದ್ದೆ. ರಸ್ತೆ ಬ್ಯಾಡ ಅನ್ನಾಕೆ ನನ್ಗೂ ಬಾಯಿ ಬರಾಕಿಲ್ಲ. ನೀವ್ ಏನಾರ ಬರೀರಿ, ಎಬ್ಬೆಟ್ಟು ಆಕ್ತೀನಿ. ಈ ಸಲ ಒಸಿ ಓದಿ ಏಳ್ಬುಡಿ, ಅಸ್ಟೆ."

ಇವತ್ತು ಭಾನುವಾರ. ಬೆಳಿಗ್ಗೆಯಿಂದ ಮೇಜಿನ ಮುಂದೆ ಕುಳಿತಿದ್ದೇನೆ. ಕಿಟಕಿಯಿಂದ ನೋಡಿದರೆ ಮೊದಲು ನನ್ನ ಕಾಂಪೌಂಡು ಕಾಣುತ್ತದೆ, ಅದರ ಮೇಲಿನಿಂದ ಅವಳ ಜಗಲಿ ಕಾಣುತ್ತದೆ. ಪೆನ್ನು ಸರಿಯಾಗಿದೆ, ಕೈ ಸೇದಿಹೋಗಿಲ್ಲ.

ಮೂರು ಸಲ ಬರೆದೆ. ಮೊದಲನೆಯದರಲ್ಲಿ ರಸ್ತೆ ಬೇಕು ಎಂದೆ. ಜಗಲಿಯ ಮೇಲೆ ಕುಳಿತು ಅವಳಿಗೆ ಓದಿ ಹೇಳುವುದನ್ನು ನೆನೆಸಿಕೊಂಡೆ, ಹರಿದೆ. ಎರಡನೆಯದರಲ್ಲಿ ರಸ್ತೆ ಬೇಡ ಎಂದೆ. ಗೋಡೆಯಾಚೆ ಪುಟ್ಟತಾಯಮ್ಮನವರು ಕೆಮ್ಮಿದ್ದು ಕೇಳಿಸಿತು, ಹರಿದೆ. ಮೂರನೆಯದರಲ್ಲಿ ಬರೀ ನಾಲ್ಕು ಸಾಲು ಇತ್ತು, ಸನ್ನಿಧಾನವೂ ಇರಲಿಲ್ಲ, ಅಡಚಣೆಯೂ ಇರಲಿಲ್ಲ. ಎದುರಿನ ಕಾಂಪೌಂಡು ನನ್ನದು, ಆ ಮೂರು ಅಡಿ ತೆಗೆದುಕೊಳ್ಳಿ ಎಂದಿತ್ತು. ಅದನ್ನು ಜೋರಾಗಿ ಓದಿ ನೋಡಿದೆ. ಎಲ್ಲೂ ತಡವರಿಸದೆ ಓದಿಕೊಂಡು ಹೋಯಿತು. ದೇವೀರಮ್ಮನ ಮುಖ ನೋಡಿಕೊಂಡೂ ಓದಬಹುದಿತ್ತು, ಶಿವನಂಜಪ್ಪನವರ ಮುಖ ನೋಡಿಕೊಂಡೂ ಓದಬಹುದಿತ್ತು.

ಹೇಳಿ ಓದುಗರೇ, ಅದನ್ನೂ ಯಾಕೆ ಹರಿದೆ?